ಟ್ಯಾಂಕಿಯ ಬಿಸಿ ಬೇರೆ, ಮೈಗೆ ಹೊಯ್ದುಕೊಳ್ಳುವ ಬಿಸಿ ಬೇರೆ

ಪ್ರಶ್ನೆ: ನಮ್ಮದು ಕಾರವಾರದ ಕೋಡಿಬಾಗದಲ್ಲಿ ಒಂದಂತಸ್ತಿನ ಮನೆ. ಬಚ್ಚಲುಮನೆಯಲ್ಲಿ 15 ಲೀಟರಿನ ಕರೆಂಟ್ ಗೀಸರ್ ಇದೆ. ಇಂಗ್ಲೆಂಡಿನಲ್ಲಿರುವ ಮಗ, "ಇಲ್ಲಿ ಕಾಂಬಿ ಬಾಯ್ಲರ್ ಇದೆ, ಟ್ಯಾಂಕಿಯ ರಗಳೆಯೇ ಇಲ್ಲ, ನೀವೂ ಗ್ಯಾಸ್ ಗೀಸರ್ ಹಾಕಿಸಿ, 45 ಡಿಗ್ರಿ ಸಾಕು" ಅನ್ನುತ್ತಾನೆ. ಮನೆಯಲ್ಲಿ ವಯಸ್ಸಾದ ಅತ್ತೆ, ಮೂರು ವರ್ಷದ ಮೊಮ್ಮಗಳು ಇದ್ದಾರೆ. ಈಗಿನ ಗೀಸರನ್ನೂ 45ಕ್ಕೆ ಇಳಿಸಬಹುದೇ?

ಉತ್ತರ: ಇಳಿಸಬೇಡಿ. ಗ್ಯಾಸ್ ಗೀಸರಿಗೂ ಅವಸರ ಮಾಡಬೇಡಿ.

ನಿಮ್ಮ ಮಗ ಹೇಳಿದ್ದು ಅವನ ಮನೆಗೆ ಸರಿ. ಕಾಂಬಿ ಬಾಯ್ಲರಿನಲ್ಲಿ ಬಿಸಿನೀರು ಸಂಗ್ರಹವಾಗುವುದಿಲ್ಲ, ಹರಿಯುತ್ತ ಕಾದು ನೇರ ನಲ್ಲಿಗೆ ಬರುತ್ತದೆ. ಹಾಗಾಗಿ ಅಲ್ಲಿ 45 ಸಾಕು. ನಿಮ್ಮಲ್ಲಿ ನೀರು ಗೀಸರಿನ ಟ್ಯಾಂಕಿಯಲ್ಲಿ ನಿಲ್ಲುತ್ತದೆ. 20ರಿಂದ 45 ಡಿಗ್ರಿಯ ನಿಂತ ನೀರು ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಲು ಹೇಳಿಮಾಡಿಸಿದ ಜಾಗ. ಶವರಿನ ಸಣ್ಣ ಹನಿಗಳ ಜೊತೆ ಅದು ಶ್ವಾಸಕೋಶ ಸೇರಿದರೆ ನ್ಯುಮೋನಿಯಾ ತರಬಲ್ಲದು. ಹೆಚ್ಚು ಅಪಾಯ ನಿಮ್ಮ ಅತ್ತೆಯವರಂಥ ಹಿರಿಯರಿಗೆ. 60 ಡಿಗ್ರಿಯಲ್ಲಿ ಅದು ಬದುಕುವುದಿಲ್ಲ. ಆದ್ದರಿಂದ ಥರ್ಮೋಸ್ಟಾಟ್ 60ಕ್ಕಿರಲಿ. ಹತ್ತು ನಿಮಿಷ ಹಾಕಿ ಆರಿಸುವ ಅಭ್ಯಾಸವಿದ್ದರೆ ಬಿಡಿ, ಗೀಸರಿನ ದೀಪ ತಾನಾಗಿ ಆರುವ ತನಕ ಕಾಯಲಿ. ಊರಿಗೆ ಹೋಗಿ ವಾರ ಬಿಟ್ಟು ಬಂದರೆ ಮೊದಲು ಪೂರ್ತಿ ಕಾಯಿಸಿ, ಶವರಿನಿಂದಲ್ಲ, ಕೆಳಗಿನ ನಲ್ಲಿಯಿಂದ ಆ ನೀರನ್ನು ಬಿಟ್ಟುಬಿಡಿ.

ಆದರೆ 60 ಡಿಗ್ರಿ ನೀರು ಐದಾರು ಸೆಕೆಂಡಿನಲ್ಲಿ ದೊಡ್ಡವರ ಚರ್ಮವನ್ನೇ ಸುಡುತ್ತದೆ, ಮಗುವಿಗೆ ಅಷ್ಟು ಹೊತ್ತೂ ಬೇಡ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಈ ಕ್ರಮ ಮನೆಯಲ್ಲಿ ಯಾರೂ ತಪ್ಪಿಸಬಾರದು. ಮಗುವನ್ನು ಬಚ್ಚಲಲ್ಲಿ ಒಂಟಿಯಾಗಿ ಬಿಡಲೇಬೇಡಿ. ಮೈಗೆ 38ರಿಂದ 40 ಹಿತ. ನಿಮ್ಮ ಮೇಲಿನ ಟ್ಯಾಂಕಿಯ ನೀರು 26 ಡಿಗ್ರಿ ಇದ್ದರೆ, 60ಕ್ಕೆ ಕಾದ 15 ಲೀಟರಿನಿಂದ 40 ಡಿಗ್ರಿಯ ಸುಮಾರು 36 ಲೀಟರ್ ಸಿಗುತ್ತದೆ. 45ಕ್ಕೆ ಇಟ್ಟರೆ ಸಿಗುವುದು 20 ಲೀಟರ್, ಒಂದೇ ಬಕೆಟ್.

ನಿಮ್ಮ ಗೀಸರಿನ ಥರ್ಮೋಸ್ಟಾಟ್ ತಿರುಗಿಸುವ ಗುಂಡಿಯ ಮೇಲೆ ಅಂಕಿಗಳಿಲ್ಲದಿದ್ದರೆ, ದೀಪ ಆರಿದ ಮೇಲೆ ಸ್ವಲ್ಪ ನೀರು ಬಿಟ್ಟು, ಸ್ಟೀಲ್ ಲೋಟಕ್ಕೆ ಹಿಡಿದು ಅಡುಗೆಮನೆಯ ಥರ್ಮಾಮೀಟರ್ ಅದ್ದಿ ನೋಡಿ. ಜ್ವರದ್ದು ಆಗದು, ಅದರ ಅಳತೆ 42ರ ಆಚೀಚೆಗೇ ಮುಗಿಯುತ್ತದೆ.

ಇನ್ನು ಗ್ಯಾಸ್ ಗೀಸರ್. ಇದೂ ಕಾಂಬಿಯಂತೆ ಹರಿಯುವ ನೀರನ್ನೇ ಕಾಯಿಸುವುದರಿಂದ ಅದರ ದೋಷಗಳೆಲ್ಲ ಇದಕ್ಕೂ ಇವೆ. ಎರಡು ನಲ್ಲಿ ಒಟ್ಟಿಗೆ ಬಿಟ್ಟರೆ ಬಿಸಿ ಹಂಚಿಹೋಗುತ್ತದೆ. ಮೊದಲು ಬರುವುದು ಪೈಪಿನಲ್ಲಿ ನಿಂತ ತಣ್ಣೀರು. ಒತ್ತಡ ಸಾಲದಿದ್ದರೆ ಬೆಂಕಿಯೇ ಹತ್ತದು. ಟ್ಯಾಂಕಿ ಹತ್ತು ಮೀಟರ್ ಮೇಲಿದ್ದರೆ ಒಂದು ಬಾರ್ ಒತ್ತಡ. ಒಂದಂತಸ್ತಿನ ತಾರಸಿಯ ಟ್ಯಾಂಕಿಗೆ ಸಿಗುವುದು ಅದರ ಕಾಲುಭಾಗದಷ್ಟು, ಹಾಗಾಗಿ ಕೊಳ್ಳುವ ಮುನ್ನ ಆ ಮಾದರಿಗೆ ಎಷ್ಟು ಬೇಕೆಂದು ಕೈಪಿಡಿಯಲ್ಲಿ ನೋಡಲೇಬೇಕು. ಕರಾವಳಿಯಲ್ಲಿ ಇನ್ನೊಂದು ತಾಪತ್ರಯ ಇದೆ. ಇಂಗ್ಲೆಂಡಿನ ಚಳಿಗಾಲದಲ್ಲಿ ನಲ್ಲಿಗೆ ಬರುವ ನೀರು ಹತ್ತು ಡಿಗ್ರಿಗೂ ಕೆಳಗಿರಬಹುದು, ಅದನ್ನು ಮೂವತ್ತು ಡಿಗ್ರಿ ಏರಿಸಬೇಕು. ನಮ್ಮಲ್ಲಿ ಏಪ್ರಿಲ್ ತಿಂಗಳಲ್ಲಿ ಟ್ಯಾಂಕಿಯ ನೀರು ಆಗಲೇ ಮೂವತ್ತು ದಾಟಿರುತ್ತದೆ. ಜ್ವಾಲೆ ಎಷ್ಟು ಸಣ್ಣದು ಮಾಡಿದರೂ ನೀರು ಸುಡುತ್ತದೆ. ತಣ್ಣೀರು ಬೆರೆಸೋಣ ಎಂದು ಮಿಕ್ಸರ್ ತಿರುಗಿಸಿದಿರೋ, ಗೀಸರಿನ ಮೂಲಕ ಹರಿಯುವ ನೀರು ಕಡಿಮೆಯಾಗಿ ಬೆಂಕಿ ಆರಿ, ಸೋಪು ಹಚ್ಚಿದ ತಲೆಯ ಮೇಲೆ ತಣ್ಣೀರು ಬೀಳುತ್ತದೆ.

ಇದೆಲ್ಲ ಸಹಿಸಬಹುದಾದ ತೊಂದರೆ. ಸಹಿಸಲಾಗದ್ದು ಗ್ಯಾಸ್ ಸರಿಯಾಗಿ ಉರಿಯದಾಗ ಹೊರಬರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ. ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಬಚ್ಚಲಿನಲ್ಲಿ ಸ್ನಾನ ಮುಗಿಯುವುದರೊಳಗೆ ತಲೆ ಸುತ್ತಿ ಬೀಳಿಸುತ್ತದೆ, ಜೀವ ತೆಗೆದ ಉದಾಹರಣೆಗಳು ನಮ್ಮ ದೇಶದಲ್ಲಿ ಬೇಕಾದಷ್ಟಿವೆ. ಮಳೆಗಾಲದಲ್ಲಿ ಎರಚಲು ಒಳಗೆ ಬರುತ್ತದೆಂದು ಕಿಟಕಿ ಮುಚ್ಚುವ ಊರು ನಮ್ಮದು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಹಾಕಿಸಲೇಬೇಕೆಂದಿದ್ದರೆ ಬಚ್ಚಲಿನ ಹೊರಗೆ, ಗಾಳಿ ಧಾರಾಳವಾಗಿ ಆಡುವ, ಮಳೆ ತಾಗದ ಕಡೆ ಹಾಕಿಸಿ, ನೀರಿನ ಪೈಪು ಮಾತ್ರ ಒಳಗೆ ಬರಲಿ. ಉಪ್ಪುಗಾಳಿಗೆ ಬರ್ನರ್ ತುಕ್ಕು ಹಿಡಿಯುತ್ತದೆ. ಜ್ವಾಲೆ ನೀಲಿ ಬಿಟ್ಟು ಹಳದಿಯಾದರೆ ಅಂದೇ ನಿಲ್ಲಿಸಿ ಮೆಕ್ಯಾನಿಕನನ್ನು ಕರೆಸಿ.

ನಿಮ್ಮ ಮನೆಗೆ ಈಗಿರುವ ಗೀಸರೇ ಸರಿ. ಬಾವಿಯ ನೀರಿನಲ್ಲಿ ಉಪ್ಪಿನಂಶ ಇದ್ದರೆ ಒಳಗಿನ, ಟ್ಯಾಂಕಿಯ ಬದಲು ತಾನು ಸವೆಯುವ ಮೆಗ್ನೀಷಿಯಂ ಕಡ್ಡಿಯನ್ನು ವರ್ಷಕ್ಕೊಮ್ಮೆ ತೆಗೆಸಿ ನೋಡಿ. ಅದು ಸವೆದುಹೋದ ಮೇಲೆ ಟ್ಯಾಂಕಿಯೇ ತೂತು ಬೀಳತೊಡಗುತ್ತದೆ.