ಮಧುಗಿರಿ ಕಡೆ ಸೋಲಾರ್, ಗಾಳಿಯಂತ್ರ: ಕಣ್ಣಿಗೆ ಎಷ್ಟು ಬೀಳುತ್ತದೆ ಅಂತ ನೋಡೋದು ಹೇಗೆ

ಮೇಡಂ, ಮಧುಗಿರಿ ಹತ್ತಿರ ನಿಮ್ಮ ತೋಟದ ಪಕ್ಕ ಸೋಲಾರ್ ಪ್ಲಾಂಟ್, ಹಿಂದಿನ ಗುಡ್ಡದ ಮೇಲೆ ಗಾಳಿಯಂತ್ರ ಬರುತ್ತದಂತೆ, ಕಂಪನಿಯವರ ಫೋಟೋದಲ್ಲಿ ಎಲ್ಲಾ ಪುಟ್ಟದಾಗಿ ಕಾಣುತ್ತದೆ, ನಂಬಬಹುದಾ ಅಂತ ಕೇಳಿದ್ದೀರಿ.

ಬರೀ ಫೋಟೋ ನೋಡಿ ನಂಬಬೇಡಿ. ಮೊಬೈಲ್ ಕ್ಯಾಮೆರಾ ಅಗಲವಾಗಿ ಹಿಡಿಯುತ್ತದೆ, ದೂರದ ಗುಡ್ಡ ಕುಗ್ಗಿಬಿಡುತ್ತದೆ. ಜೂಮ್ 2 ಎಕ್ಸ್‌ಗೆ ಇಟ್ಟು ತೆಗೆಯಿರಿ, ಹೆಚ್ಚುಕಡಿಮೆ 50 ಮಿ.ಮೀ. ಲೆನ್ಸಿನ ನೋಟ, ಅಂದರೆ ಬರಿಗಣ್ಣಿಗೆ ಕಾಣೋದಕ್ಕೆ ಹತ್ತಿರದ ನೋಟ ಸಿಗುತ್ತದೆ. ಸ್ಕಾಟ್ಲೆಂಡಿನಲ್ಲಿ ಗಾಳಿಯಂತ್ರದ ಅರ್ಜಿಗಳಿಗೆ ಕೇಳೋದೂ ಇದೇ ಲೆನ್ಸಿನ ಚಿತ್ರ.

ಇನ್ನೂ ಸುಲಭದ ಲೆಕ್ಕ ಕೈಯಲ್ಲೇ ಇದೆ. ಈಗಿನ ದೊಡ್ಡ ಯಂತ್ರ ರೆಕ್ಕೆಯ ತುದಿವರೆಗೆ ಸುಮಾರು 200 ಮೀಟರ್ ಅಂತ ಇಟ್ಟುಕೊಳ್ಳಿ. ಅದು 10 ಕಿ.ಮೀ. ದೂರದಲ್ಲಿದ್ದರೆ, ಕೈ ಪೂರ್ತಿ ಚಾಚಿ ಕಿರುಬೆರಳನ್ನು ಅಡ್ಡ ಹಿಡಿದಾಗ ಅದರ ದಪ್ಪದಷ್ಟು ಎತ್ತರ ಕಾಣುತ್ತದೆ. 2 ಕಿ.ಮೀ. ಆದರೆ ಮೂರು ಬೆರಳು ಜೋಡಿಸಿದ್ದಕ್ಕಿಂತ ತುಸು ಜಾಸ್ತಿ. ಜಗಲಿ ಮೇಲೆ ನಿಂತು ಆ ಬೆರಳನ್ನು ಗುಡ್ಡದ ನೆತ್ತಿಗೆ ಇಟ್ಟು ನೋಡಿ, ಗೊತ್ತಾಗುತ್ತದೆ. ರೆಕ್ಕೆ ತಿರುಗುವುದರಿಂದ ಕಣ್ಣು ಅಲ್ಲಿಗೇ ಹೋಗುತ್ತದೆ, ರಾತ್ರಿ ಕೆಂಪು ದೀಪ ಬೇರೆ. ಮಳೆ ಬಂದು ಹೋದ ಮಾರನೇ ದಿನ ನೋಡಿ, ಮಬ್ಬು ಇರೋದಿಲ್ಲ.

ಸೋಲಾರ್ ಕಥೆ ಉಲ್ಟಾ. ಪ್ಯಾನೆಲ್ ಸಾಲು ಗಿಡ್ಡ, ಬಯಲಲ್ಲಿ ನಿಂತರೆ ಒಂದು ಹೊಂಗೆ ಸಾಲು ಸಾಕು ಮರೆಮಾಡೋಕೆ. ಆದರೆ ಬೆಟ್ಟ ಹತ್ತಿದವರಿಗೆ ಯಾವ ಮರೆಯೂ ಇಲ್ಲ. ಪಾವಗಡದ 2,050 ಮೆಗಾವ್ಯಾಟಿನ ಪಾರ್ಕ್ ಸುಮಾರು 13,000 ಎಕರೆ, ಅಷ್ಟು ನೆಲದ ಬಣ್ಣವೇ ಬದಲಾಗಿದೆ. ನಿಮ್ಮದು ಚಿಕ್ಕದಿರಬಹುದು, ಆದರೂ ಏಕಶಿಲಾ ಬೆಟ್ಟದ ಮೇಲಿಂದ, ದೇವಸ್ಥಾನದ ಮೆಟ್ಟಿಲಿಂದ, ಕೆರೆ ಏರಿಯಿಂದ ಒಂದೊಂದು ಫೋಟೋ ತೆಗೆದಿಡಿ. ಜನ ದಿನಾ ಎಲ್ಲಿ ನಿಲ್ಲುತ್ತಾರೋ ಅಲ್ಲಿಂದ ನೋಡಬೇಕು, ಕಂಪನಿಯವರು ಆರಿಸಿದ ಜಾಗದಿಂದ ಅಲ್ಲ.

ಕಣ್ಣಿಗೆ ಕಾಣೋದು ಒಂದಾದರೆ ನೆಲಕ್ಕೆ ಆಗೋದು ಇನ್ನೊಂದು. ಬಂಡೆ ಒಡೆದು, ಹಳ್ಳ ಮುಚ್ಚಿ, ಕುರಿ ಹೋಗುವ ದಾರಿಗೆ ತಂತಿಬೇಲಿ ಹಾಕಿದರೆ ಯಾರ ಮನೆಯಿಂದಲೂ ಕಾಣದಿದ್ದರೂ ಊರು ಬದಲಾಯಿತು ಅಲ್ವಾ? ಎರಡನ್ನೂ ಬೇರೆ ಬೇರೆ ಬರೆದಿಡಿ. ನಮ್ಮಲ್ಲಿ 2006ರ ಇಐಎ (ಪರಿಸರದ ಮೇಲಾಗುವ ಪರಿಣಾಮದ ಅಂದಾಜು) ಅಧಿಸೂಚನೆ ಪ್ರಕಾರ ಸೋಲಾರ್ ಪ್ಯಾನೆಲ್, ಗಾಳಿ ಯೋಜನೆಗಳಿಗೆ ಪರಿಸರ ಅನುಮತಿ ಬೇಕಿಲ್ಲ, ಹಾಗಾಗಿ ಇದನ್ನೆಲ್ಲ ನಿಮ್ಮ ಪರವಾಗಿ ಯಾರೋ ಮಾಡಿರುತ್ತಾರೆ ಅಂದುಕೊಳ್ಳಬೇಡಿ. ನಾನು ಸೋಲಾರ್ ವಿರೋಧಿ ಅಲ್ಲ, ಬೆಂಗಳೂರಿನ ನಮ್ಮ ಮನೆ ಫ್ಯಾನೂ ಯಾವುದೋ ಊರಿನ ನೆಲದಿಂದ ಬಂದ ಕರೆಂಟಿನಲ್ಲೇ ತಿರುಗುತ್ತದೆ. ಅದಕ್ಕೇ ಆ ಊರಿನವರನ್ನು ಮೊದಲೇ ಕೇಳಬೇಕು ಅನ್ನೋದು.

ಪಂಚಾಯಿತಿ ಸಭೆಯಲ್ಲಿ ಹೈಟೆನ್ಷನ್ ಲೈನ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ನಕ್ಷೆ ಕೇಳಿ. ಪ್ಲಾಂಟ್ ಬಗ್ಗೆ ಎಲ್ಲರೂ ಕೇಳುತ್ತಾರೆ, ಟವರ್ ಸಾಲು ಮರೆತೇಬಿಡುತ್ತಾರೆ. ಯಂತ್ರ ಕೂರಿಸುವ ಜಾಗದ ಸರ್ವೆ ನಂಬರ್ ಸಿಕ್ಕರೆ ಇಲ್ಲಿ ಹಾಕಿ, ಗೂಗಲ್ ಅರ್ಥ್ ಪ್ರೊದಲ್ಲಿ ಅದು ಎಲ್ಲೆಲ್ಲಿಂದ ಕಾಣುತ್ತದೆ ಅಂತ ಗುರುತು ಮಾಡಿ ಕಳಿಸುತ್ತೇನೆ.