ಬೈಬಲ್ ಯಾವಾಗಲೂ ಒಂದೇ ಪುಟಕ್ಕೆ ತೆರೆಯುತ್ತಿತ್ತು

ಗುರುತು ಸಿಗಬಾರದು ಅಂತ ವಯಸ್ಸು, ಕೆಲಸ, ಮನೆಯ ವಿವರ ಒಂದಿಷ್ಟು ಬದಲಿಸಿದ್ದೇನೆ. ಬರೆಯೋದಕ್ಕೆ ಆಕೆಯ ಒಪ್ಪಿಗೆ ಇದೆ.

ಮೇ ತಿಂಗಳ ಕೊನೆ ವಾರ. ಕಾರವಾರದ ಸೆಕೆ ಗೊತ್ತಲ್ಲ, ಫ್ಯಾನ್ ತಿರುಗುತ್ತಿದ್ದರೂ ಬೆವರು ನಿಲ್ಲೋದಿಲ್ಲ. ನನ್ನ ಹತ್ತಿರ ಸಲಹೆ ಕೇಳಲು ಬಂದವರಿಗೆ 35ರ ಆಸುಪಾಸು, ಕೊಂಕಣಿ ಮಾತಾಡುವ ಕ್ಯಾಥೊಲಿಕ್ ಮನೆ, ಗಂಡ ಬೈತಖೋಲ ಬಂದರಿನ ಬೋಟಿನಲ್ಲಿ ಕೆಲಸಕ್ಕೆ ಹೋಗುತ್ತಾರೆ. ಜೂನ್ 1ರಿಂದ ಜುಲೈ 31ರ ತನಕ, ಒಟ್ಟು 61 ದಿನ ದೊಡ್ಡ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ, ಹಾಗಾಗಿ ಮನೆಗೆ ದುಡ್ಡೂ ಬರೋದಿಲ್ಲ. ಅದೇ ಹೊತ್ತಿಗೆ ಆಕೆಗೆ ಗೋವಾದ ಮಡಗಾಂವ್‌ನಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿದೆ. ಶನಿವಾರದೊಳಗೆ ಉತ್ತರ ಹೇಳಬೇಕು.

ಆದರೆ ಆಕೆ ಬಂದಿದ್ದು ಅದಕ್ಕಲ್ಲ. ಹಿಂದಿನ ವಾರ ಮಗಳಿಗೆ ಜ್ವರ ಬಂದಿತ್ತು. ಡಾಕ್ಟರ ಹತ್ತಿರ ಹೋಗಲೋ ಬೇಡವೋ ಅಂತ ಅಲ್ತಾರಿನ (ಪ್ರಾರ್ಥನೆಯ ಪೀಠದ) ಮುಂದೆ ಎರಡು ಚೀಟಿ ಹಾಕಿ ಒಂದನ್ನು ಎತ್ತಿದರು. 'ಬೇಡ' ಬಂತು. ಮರುದಿನ ಜ್ವರ 103ಕ್ಕೆ ಏರಿತು, ಗಂಡ ಬಾಯಿಗೆ ಬಂದ ಹಾಗೆ ಬೈದರು. ಮಗು ಹುಷಾರಾಯಿತು, ಆಕೆಗೆ ಮಾತ್ರ ನಿದ್ದೆ ಹೋಯಿತು.

"ದೇವರನ್ನು ಕೇಳಿಯೇ ಮಾಡಿದ್ದೆ. ಆಮೇಲೂ ಹೀಗಾದರೆ ನನ್ನ ನಂಬಿಕೆಯಲ್ಲೇ ಏನೋ ಕಮ್ಮಿ ಇರಬೇಕಲ್ವಾ?"

ನಾನು ನಗಲಿಲ್ಲ. ನಮ್ಮ ಕಡೆ ದೇವಸ್ಥಾನದಲ್ಲಿ ಹೂವಿನ ಪ್ರಸಾದ ಕೇಳುವವರು ಬೇಕಾದಷ್ಟು ಜನ ಇದ್ದಾರೆ, ದಿಕ್ಕು ತೋಚದಾಗ ಯಾರಾದರೂ ಹೇಳಿಬಿಡಲಿ ಅನ್ನಿಸೋದು ಎಲ್ಲರಿಗೂ ಇದ್ದದ್ದೇ. ಬೈಬಲಿನಲ್ಲೂ ಚೀಟಿ ಇದೆ. ಯೇಸುವಿಗೆ ದ್ರೋಹ ಮಾಡಿದ ಶಿಷ್ಯ ಯೂದನ ಜಾಗಕ್ಕೆ ಮತ್ತೀಯನನ್ನು ಆರಿಸಿದ್ದು ಹಾಗೇ, ಅಪೊಸ್ತಲರ ಕಾರ್ಯಗಳು 1ನೇ ಅಧ್ಯಾಯ. ಆದರೆ 2ನೇ ಅಧ್ಯಾಯದಲ್ಲಿ ಪವಿತ್ರಾತ್ಮ ಇಳಿದು ಬಂದ ಮೇಲೆ ಶಿಷ್ಯರು ಚೀಟಿ ಹಾಕಿದ್ದು ಆ ಪುಸ್ತಕದಲ್ಲಿ ಎಲ್ಲೂ ಸಿಗೋದಿಲ್ಲ. 15ನೇ ಅಧ್ಯಾಯಕ್ಕೆ ಬಂದರೆ ದೊಡ್ಡ ಜಗಳವನ್ನು ಕೂತು, ವಾದ ಮಾಡಿ, ಮಾತಾಡಿಯೇ ಬಗೆಹರಿಸುತ್ತಾರೆ.

ಚೀಟಿಯಲ್ಲದೆ ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಡುವ ಅಭ್ಯಾಸವೂ ಇತ್ತು. ಬ್ಯಾಗಿನಲ್ಲೇ ಇತ್ತು ಪುಸ್ತಕ. ತೆರೆದು ತೋರಿಸಿ ಅಂದೆ. ಪ್ರಲಾಪಗಳು (ಹಾಳಾದ ಯೆರೂಸಲೇಮಿಗಾಗಿ ಅಳುವ ಭಾಗ), ಮೊದಲ ಅಧ್ಯಾಯ. ಮತ್ತೊಮ್ಮೆ ಅಂದೆ. ಅದೇ ಪುಟ. ಮೂರನೇ ಸಲವೂ ಅದೇ! ನೋಡಿದರೆ ಯಾವುದೋ ವರ್ಷದ ಗರಿಗಳ ಭಾನುವಾರ (ಈಸ್ಟರ್‌ಗೆ ಮುಂಚಿನ ಭಾನುವಾರ) ಚರ್ಚಿನಲ್ಲಿ ಕೊಟ್ಟ ಗರಿಯ ಶಿಲುಬೆಯನ್ನು ಆಕೆ ಅಲ್ಲೇ ಇಟ್ಟಿದ್ದರು, ಅದು ಒಣಗಿ ಕಡ್ಡಿಯಾಗಿ ಪುಸ್ತಕದ ಬೆನ್ನು ಅಲ್ಲೇ ಮುರಿದಿತ್ತು. ಪಾಪ, ಏನು ಕೇಳಿದರೂ ಬಿಕೋ ಎನ್ನುವ ಊರು, ರಾತ್ರಿಯೆಲ್ಲ ಅಳುವ ವಿಧವೆ! ಯಾವ ಪ್ರಶ್ನೆಗೂ ಹೂಂ ಅನ್ನುವ ಉತ್ತರ ಬರೋದಾದರೂ ಹೇಗೆ. ಆಕೆಯೇ ಮೊದಲು ನಕ್ಕರು, ಆಮೇಲೆ ಅತ್ತರು.

ಅತ್ತಾದ ಮೇಲೆ ನಿಜವಾದ ವಿಷಯ ಬಂತು. ನಾಲ್ಕು ವರ್ಷದ ಹಿಂದೆ ತನ್ನ ಬಂಗಾರ ಅಡವಿಟ್ಟು ಒಂದು ಬೋಟಿನಲ್ಲಿ ಪಾಲು ತೆಗೆದುಕೊಳ್ಳೋಣ ಅಂದಿದ್ದು ಆಕೆಯೇ. ದುಡ್ಡು ಮುಳುಗಿತು. ಅಂದಿನಿಂದ ಅತ್ತೆ ಅನ್ನ ಬಡಿಸುವಾಗಲೂ ಅದನ್ನೇ ಎತ್ತಿ ಹಂಗಿಸುತ್ತಾರೆ. "ದೇವರೇ ಹೇಳಿದ್ದು ಅಂದರೆ ಯಾರೂ ನನ್ನನ್ನು ಹಂಗಿಸುವ ಹಾಗಿಲ್ಲ" ಅಂದರು, ಅಂದು ತಮ್ಮ ಮಾತಿಗೆ ತಾವೇ ಸುಮ್ಮನಾದರು.

ಯಾಕೋಬನ ಪತ್ರದ 1ನೇ ಅಧ್ಯಾಯದ 5ನೇ ವಚನ ಓದಿಸಿದೆ. ಜ್ಞಾನ ಕಮ್ಮಿ ಇದ್ದವರು ದೇವರನ್ನು ಕೇಳಲಿ, ಆತ ಧಾರಾಳವಾಗಿ, 'ಹಂಗಿಸದೆ' ಕೊಡುತ್ತಾನೆ ಅಂತ ಅಲ್ಲಿದೆ. ಆ ಪದದ ಮೇಲೆ ಆಕೆಯ ಬೆರಳು ನಿಂತಿತು. ಅಲ್ಲಿ ಕೇಳು ಅಂದಿರೋದು ಜ್ಞಾನವನ್ನು, ರೆಡಿ ಉತ್ತರವನ್ನಲ್ಲ ಅಂದೆ. ಜ್ಞಾನ ಸಿಕ್ಕರೂ ತೀರ್ಮಾನ ನೀವೇ ಮಾಡಬೇಕು, ಅದು ತಪ್ಪಾಗಲೂಬಹುದು, ತಪ್ಪಾದರೆ ಆತ ಅತ್ತೆಯ ಹಾಗೆ ಅನ್ನದ ತಟ್ಟೆ ಮುಂದೆ ಎತ್ತಿ ಆಡೋದಿಲ್ಲ.

ಇನ್ನು ಏನು ಮಾಡಬೇಕು ಅಂತ ಹೇಳಿದ್ದು ಇಷ್ಟು. ಜ್ವರಕ್ಕೆ ಚೀಟಿ ಬೇಡವೇ ಬೇಡ, ಡಾಕ್ಟರೇ. ಮೀನಿನ ಪೇಟೆಯಲ್ಲಿ ಬಂಗಡೆಯೋ ತಾರ್ಲೆಯೋ ಅಂತ ನಿಂತು ಪ್ರಾರ್ಥನೆ ಮಾಡೋದೂ ಬೇಡ (ಅದನ್ನೂ ಮಾಡುತ್ತಿದ್ದರು!). ಬೈಬಲಿನ ಯೋಹಾನ 21ನೇ ಅಧ್ಯಾಯದಲ್ಲಿ ಬಲೆಗೆ ಬಿದ್ದ ಮೀನು 153 ಅಂತ ಲೆಕ್ಕ ಇದೆ, ಯಾವ ಮೀನು ಅಂತ ಬರೆದಿಲ್ಲ. ಮಡಗಾಂವ್ ಕೆಲಸದ ವಿಚಾರಕ್ಕೆ ಯೇಸುಸಭೆ ಕಟ್ಟಿದ ಸಂತ ಇಗ್ನೇಷಿಯಸ್ ಹೇಳಿಕೊಟ್ಟ ದಾರಿ ಹಿಡಿಯಿರಿ ಅಂದೆ. ಆತ ಮೊದಲು ಸೈನಿಕ, 1521ರಲ್ಲಿ ಸ್ಪೇನಿನ ಪಾಂಪ್ಲೋನದಲ್ಲಿ ಫಿರಂಗಿ ಗುಂಡು ಕಾಲಿಗೆ ತಾಗಿ ಹಾಸಿಗೆ ಹಿಡಿದವರು. ಆಮೇಲೆ, ಒಮ್ಮೆ ಮಾಡಿದ ಪಾಪನಿವೇದನೆಯನ್ನೇ (ಫಾದರ್ ಮುಂದೆ ಪಾಪ ಒಪ್ಪಿಕೊಳ್ಳೋದು) ಮತ್ತೆ ಮತ್ತೆ ಮಾಡಿ ಹೈರಾಣಾದವರು ಕೂಡ, ಹಾಗಾಗಿ ಈಕೆಯ ಕಷ್ಟ ಅವರಿಗೆ ಹೊಸದಲ್ಲ. ಮನಸ್ಸು ಕುಗ್ಗಿದಾಗ ಮೊದಲಿನ ನಿರ್ಧಾರ ಬದಲಿಸಬೇಡ ಅನ್ನುತ್ತಾರೆ ಅವರು. ನಿನ್ನದೇ ಪರಿಸ್ಥಿತಿಯಲ್ಲಿರುವ, ನಿನಗೆ ಪರಿಚಯವೇ ಇಲ್ಲದ ಒಬ್ಬಳು ಬಂದು ಕೇಳಿದರೆ ಏನು ಹೇಳುತ್ತಿದ್ದೆ, ಅದನ್ನೇ ನೀನೂ ಮಾಡು ಅಂತಲೂ ಅನ್ನುತ್ತಾರೆ.

"ಅವಳಿಗೆ ಹೋಗು ಅಂತಿದ್ದೆ" ಅಂದರು ಆಕೆ, ಒಂದು ಕ್ಷಣವೂ ಯೋಚಿಸದೆ.

ಗಂಡ ಏನಂದರು ಅಂತ ಕೇಳಿದೆ. ಗಂಡನನ್ನು ಕೇಳಿಯೇ ಇರಲಿಲ್ಲ! ದೇವರನ್ನು, ಫಾದರ್‌ನ, ಈಗ ನನ್ನನ್ನು ಕೇಳಿದ್ದಾಯಿತು, ಒಂದೇ ಮನೆಯಲ್ಲಿ ಮಲಗುವವರನ್ನು ಬಿಟ್ಟು. ಇವತ್ತು ರಾತ್ರಿಯೇ ಇಬ್ಬರೂ ಕೂತು ರೈಲಿನ ಖರ್ಚು, ಮಗಳನ್ನು ನೋಡಿಕೊಳ್ಳೋರು ಯಾರು, ಎಲ್ಲ ಒಂದು ಹಾಳೆಯಲ್ಲಿ ಬರೆಯಿರಿ, ಬರೆಯೋಕೆ ಮುಂಚೆ ಒಟ್ಟಿಗೆ ಎರಡು ನಿಮಿಷ ಪ್ರಾರ್ಥನೆ ಮಾಡಿ ಅಂದೆ. ಈ ಚೀಟಿಯ ಯೋಚನೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ತಿನ್ನುತ್ತಿದ್ದರೆ ಮನೋವೈದ್ಯರನ್ನೂ ನೋಡಲೇಬೇಕು, ಅದು ನಂಬಿಕೆಯ ಕೊರತೆ ಅಲ್ಲ, ಚಿಕಿತ್ಸೆ ಇರುವ ತೊಂದರೆ ಅಂತಲೂ ಹೇಳಿದೆ. ಆಕೆಗೆ ಅಷ್ಟು ಆಗಿರಲಿಲ್ಲ.

ಆಗಸ್ಟಿನಲ್ಲಿ ಫೋನ್ ಬಂತು. ಕೆಲಸಕ್ಕೆ ಸೇರಿದ್ದಾರೆ, ಮಳೆಗೆ ರೈಲು ತಡವಾಗುತ್ತದೆ, ಅತ್ತೆ ಈಗ ಅದಕ್ಕೂ ಒಂದು ಮಾತು ಹುಡುಕಿದ್ದಾರೆ. ನಡುವೆ ಒಂದು ಸಲ ಚೀಟಿ ಹಾಕಿದೆ, ಎತ್ತದೆ ಒಲೆಗೆ ಹಾಕಿದೆ ಅಂದರು. ಬೈಬಲ್ ಈಗ ಎಲ್ಲಿಗೆ ತೆರೆಯುತ್ತದೆ ಅಂತ ಕೇಳಿದೆ.

"ಇನ್ನೂ ಅಲ್ಲಿಗೇ. ಬೆನ್ನು ಮುರಿದಿದೆಯಲ್ಲ, ಸಂಬಳ ಬಂದ ಮೇಲೆ ಬೈಂಡಿಂಗ್‌ಗೆ ಕೊಡಬೇಕು."