ಪಬ್ಲಿಕ್ ಪಾಲಿಸಿಯಲ್ಲಿ ಡಾಕ್ಟರೇಟ್: ಅಮೆರಿಕಕ್ಕೆ ಬರುವ ಮುಂಚೆ

ನಮಸ್ಕಾರ. ಸರ್ಕಾರಿ ಕೆಲಸದಲ್ಲಿದ್ದೀರಿ, ಹಳ್ಳಿಗಳ ಕುಡಿಯುವ ನೀರಿನ ಯೋಜನೆ ನೋಡಿಕೊಂಡಿದ್ದೀರಿ. ಈಗ ಇಲ್ಲಿಗೆ ಬಂದು ಪಾಲಿಸಿಯಲ್ಲಿ, ಅಂದರೆ ಸರ್ಕಾರಿ ನೀತಿಯ ಅಧ್ಯಯನದಲ್ಲಿ, ಡಾಕ್ಟರೇಟ್ ಮಾಡುವ ಆಸೆ. ಪಿಎಚ್‌ಡಿ ಮಾಡಬೇಕಾ, ಡಿಪಿಎ (ಡಾಕ್ಟರ್ ಆಫ್ ಪಬ್ಲಿಕ್ ಅಡ್ಮಿನಿಸ್ಟ್ರೇಷನ್) ಮಾಡಬೇಕಾ, ಸಂಸಾರ ಕಟ್ಟಿಕೊಂಡು ಬಂದರೆ ಬದುಕು ಹೇಗೆ ಅಂತ ಕೇಳಿದ್ದೀರಿ. ಇದೇ ವಿಷಯ ಓದಿ ಇಲ್ಲೇ ನೆಲೆಸಿದವನಾಗಿ ನೇರವಾಗಿ ಹೇಳುತ್ತೇನೆ. ನಿಮ್ಮ ಮನಸ್ಸು ಒಲಿಯುವುದು ಡಿಪಿಎಗೆ. ಸೇರಬೇಕಾದ್ದು ಮಾತ್ರ ಪಿಎಚ್‌ಡಿಗೆ.

ಡಿಪಿಎ ಆಡಳಿತದಲ್ಲಿ ಪಳಗಿದವರಿಗೆ ಅಂತಲೇ ಇರುವ ಪದವಿ. ಯೋಜನೆಯನ್ನು ಮುನ್ನಡೆಸುವುದು, ಜಾರಿಗೆ ತರುವುದು, ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ನೋಡುವುದು, ಎಲ್ಲ ನಿಮಗೆ ಗೊತ್ತಿರುವ ಲೋಕವೇ. ಆದರೆ ಹೆಚ್ಚಿನ ಕಡೆ ಕ್ಲಾಸು ಆನ್‌ಲೈನ್, ಇಲ್ಲವೇ ಸಂಜೆ, ವಾರಾಂತ್ಯ. ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಬಂದವರು ಫುಲ್‌ಟೈಮ್ ಓದಬೇಕು. ಆ ಲೆಕ್ಕಕ್ಕೆ ಸೆಮಿಸ್ಟರ್‌ಗೆ ಒಂದೇ ಒಂದು ಆನ್‌ಲೈನ್ ಕೋರ್ಸ್ ಹಿಡಿಯುತ್ತಾರೆ. ಮೇಲಾಗಿ ಇಂಥ ಪದವಿಗೆ ಸ್ಟೈಪೆಂಡ್ ಸಿಗುವುದು ಅಪರೂಪ. ಇಲ್ಲೇ ಎಚ್-1ಬಿ ಅನ್ನುವ ಉದ್ಯೋಗ ವೀಸಾ ಮೇಲೆ ಕೆಲಸ ಮಾಡುತ್ತಾ ಓದುವವರಿಗೆ ಅದು ಸರಿ.

ಪಿಎಚ್‌ಡಿಯಲ್ಲಿ ಒಳ್ಳೆಯ ವಿಭಾಗಗಳು ಫೀಸು ಮನ್ನಾ ಮಾಡಿ, ತಿಂಗಳ ಸ್ಟೈಪೆಂಡನ್ನೂ ಕೊಡುತ್ತವೆ. ಬದಲಿಗೆ ವಾರಕ್ಕೆ 20 ಗಂಟೆಯವರೆಗೆ ಪಾಠದ ಕೆಲಸವೋ ಸಂಶೋಧನೆಯ ಕೆಲಸವೋ ಮಾಡಬೇಕು. ಹಣ ಕೊಡುತ್ತೇವೆ ಎಂಬ ಪತ್ರ ಕೈಗೆ ಬರದೆ ಹೊರಡಬೇಡಿ. ಎಫ್-2 ಅನ್ನುವ ಅವಲಂಬಿತರ ವೀಸಾದಲ್ಲಿ ಬರುವ ನಿಮ್ಮ ಮನೆಯವರು ಇಲ್ಲಿ ಕೆಲಸಕ್ಕೆ ಹೋಗುವಂತಿಲ್ಲ ಅನ್ನುವುದನ್ನೂ ಈಗಲೇ ಇಬ್ಬರೂ ಕೂತು ಮಾತಾಡಿ. ಒಬ್ಬರ ಸ್ಟೈಪೆಂಡಿನಲ್ಲಿ ಐದಾರು ವರ್ಷ ಎಂದರೆ ತಮಾಷೆಯಲ್ಲ.

ಓದಿನ ವಿಷಯಕ್ಕೆ ಬಂದರೆ, ಮೊದಲ ಎರಡು ವರ್ಷ ಅಂಕಿಅಂಶ, ರಿಗ್ರೆಶನ್ (ಒಂದು ಅಂಶಕ್ಕೂ ಇನ್ನೊಂದಕ್ಕೂ ಇರುವ ನಂಟನ್ನು ಲೆಕ್ಕದಲ್ಲಿ ಅಳೆಯುವ ವಿಧಾನ), ಅರ್ಥಶಾಸ್ತ್ರ. ಸುಮ್ನೆ ಫೀಲ್ಡ್ ಅನುಭವದ ಮೇಲೆ ದಾಟಲು ಆಗಲ್ಲ. ಆದರೆ ಅನುಷ್ಠಾನದ ಕೋರ್ಸಿಗೆ ಬಂದಾಗ ನೀವೇ ರಾಜ. ಅಲ್ಲಿ ಪ್ರೆಸ್‌ಮನ್ ಮತ್ತು ವಿಲ್ಡಾವ್‌ಸ್ಕಿ ಎಂಬ ಇಬ್ಬರು ವಿದ್ವಾಂಸರು 1973ರಲ್ಲಿ ಬರೆದ, ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಊರಿನ ಕಥೆ ಓದಿಸುತ್ತಾರೆ. 1966ರಲ್ಲಿ ವಾಷಿಂಗ್ಟನ್ನಿನ ಕೇಂದ್ರ ಸರ್ಕಾರ ಆ ಊರಿನ ನಿರುದ್ಯೋಗಿಗಳಿಗೆ ಕೆಲಸ ಹುಟ್ಟಿಸಲು 2 ಕೋಟಿ 30 ಲಕ್ಷ ಡಾಲರ್ ಘೋಷಿಸಿತು. ಮೂರು ವರ್ಷವಾದರೂ ಖರ್ಚಾದದ್ದು ಸುಮಾರು 30 ಲಕ್ಷ. ಯಾರೂ ವಿರೋಧಿಸಿದ್ದಲ್ಲ, ಒಪ್ಪಿಗೆ ಕೊಡಬೇಕಾದವರು ಜಾಸ್ತಿ ಇದ್ದರು, ಅಷ್ಟೇ. ಲೇಖಕರು ಎಣಿಸಿದ ಒಪ್ಪಿಗೆಗಳು 70. ಒಂದೊಂದಕ್ಕೂ ನೂರಕ್ಕೆ 99ರಷ್ಟು ಖಾತ್ರಿ ಇದ್ದರೂ 70 ದಾಟುವ ಹೊತ್ತಿಗೆ ಯೋಜನೆ ಉಳಿಯುವ ಸಾಧ್ಯತೆ ಅರ್ಧಕ್ಕಿಂತ ಕಡಿಮೆ. ಫೈಲು ಟೇಬಲ್‌ನಿಂದ ಟೇಬಲ್‌ಗೆ ಹೋಗುವುದನ್ನು ಕಣ್ಣಾರೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಹಾಗಂತ ಅನುಭವವೇ ಥೀಸಿಸ್ ಅಲ್ಲ. 'ನಮ್ಮ ಯೋಜನೆ ಯಾಕೆ ಸೋತಿತು' ಅಂದರೆ ಗೈಡ್ ಒಪ್ಪುವುದಿಲ್ಲ. ಒಂದೇ ಗುತ್ತಿಗೆದಾರ, ಒಂದೇ ಅನುದಾನ, ಪಕ್ಕಪಕ್ಕದ ಎರಡು ಪಂಚಾಯಿತಿ. ಒಂದರಲ್ಲಿ ನಲ್ಲಿಗೆ ದಿನಾ ನೀರು ಬರುತ್ತದೆ, ಇನ್ನೊಂದರಲ್ಲಿ ನಲ್ಲಿ ಮಾತ್ರ ಇದೆ, ಯಾಕೆ? ಹೀಗೆ ಕೇಳಿದರೆ ಕಿವಿಗೊಡುತ್ತಾರೆ.

ಜನರನ್ನು ಮಾತಾಡಿಸುವ ಮೊದಲು ಐಆರ್‌ಬಿ ಅನ್ನುವ, ಸಂಶೋಧನೆಯಲ್ಲಿ ಭಾಗವಹಿಸುವವರ ಹಿತ ಕಾಯುವ ಸಮಿತಿಯ ಒಪ್ಪಿಗೆ ಬೇಕು. ನಿಮ್ಮ ಕೈಕೆಳಗೆ ಇದ್ದ ವಾಟರ್‌ಮ್ಯಾನ್‌ನನ್ನು ಸಂದರ್ಶಿಸುತ್ತೇನೆ ಅಂದರೆ ಅವರ ಮೊದಲ ಪ್ರಶ್ನೆ, ಅವನು ನಿಮಗೆ 'ಆಗಲ್ಲ ಸಾರ್' ಅನ್ನಬಲ್ಲನೇ ಅಂತ. ಮೊದಮೊದಲು ಕಿರಿಕಿರಿ ಅನ್ನಿಸುತ್ತದೆ. ನನಗೆ ಆ ಪ್ರಶ್ನೆ ಸರಿಯಾದದ್ದೇ ಅನ್ನಿಸಿದೆ. ಸಾಧ್ಯವಾದರೆ ನೀವು ಕೆಲಸ ಮಾಡದ ಜಿಲ್ಲೆಯನ್ನೇ ಆರಿಸಿಕೊಳ್ಳಿ.

ಇಲ್ಲಿ ನಿಮ್ಮ ಸೀನಿಯಾರಿಟಿಗೆ ಬೆಲೆ ಇಲ್ಲ. ಪ್ರೊಫೆಸರನ್ನು ಹೆಸರು ಹಿಡಿದು ಕರೆಯುತ್ತೀರಿ, ಇಪ್ಪತ್ತೈದರ ಹುಡುಗಿ ನಿಮ್ಮ ವಾದವನ್ನು ಎಲ್ಲರೆದುರು ಬಿಡಿಸಿ ಹಾಕುತ್ತಾಳೆ. ಅಭ್ಯಾಸ ಆಗುತ್ತದೆ ಬಿಡಿ.

ಓದು ಮುಗಿದ ಮೇಲೆ ಓಪಿಟಿ ಅಂತ 12 ತಿಂಗಳು ಕೆಲಸ ಮಾಡಬಹುದು. ಆದರೆ ಇಲ್ಲಿನ ಕೇಂದ್ರ ಸರ್ಕಾರದ ಕೆಲಸಗಳಲ್ಲಿ ಹೆಚ್ಚಿನವು ಅಮೆರಿಕದ ಪ್ರಜೆಗಳಿಗೆ ಮಾತ್ರ. ಪಾಲಿಸಿ ಓದಿದವರಿಗೆ ಇದು ದೊಡ್ಡ ಪೆಟ್ಟು. ಉಳಿಯುವುದು ಯೂನಿವರ್ಸಿಟಿ, ಸಂಶೋಧನಾ ಸಂಸ್ಥೆ, ವಿಶ್ವಬ್ಯಾಂಕಿನಂಥ ಕಡೆ. ಅದಕ್ಕೇ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಓದಲು ಎಷ್ಟು ವರ್ಷ ರಜೆ ಸಿಗುತ್ತದೆ ಎಂದು ಇಲಾಖೆಯಿಂದ ಬರವಣಿಗೆಯಲ್ಲೇ ತಗೊಳ್ಳಿ.

ಹೆಚ್ಚಿನ ಕಡೆ ಅರ್ಜಿ ಹಾಕಲು ಡಿಸೆಂಬರ್, ಜನವರಿಯೇ ಕೊನೆ. ಸಾಮಾನ್ಯವಾಗಿ ಮೂರು ಶಿಫಾರಸು ಪತ್ರ ಕೇಳುತ್ತಾರೆ. ಮೇಲಧಿಕಾರಿಯದು ಒಂದು ಸಾಕು, ಉಳಿದೆರಡನ್ನು ನಿಮಗೆ ಪಾಠ ಮಾಡಿದ ಮೇಷ್ಟ್ರಿಂದಲೇ ಬರೆಸಿ.